ಹಸಿರು ದಾರ, ಮೂರು ಗಂಟು

ಬೆಳಗಿನ ಆರು ಗಂಟೆಗೆ ನಾವು ಐದು ಜನ ಹೆಂಗಸರು ಒಂದು ಕಾರು ತಳ್ಳುತ್ತಿದ್ದೆವು. ಆರನೆಯವಳು ನನ್ನ ಅತ್ತಿಗೆ, ಒಳಗೆ ಸ್ಟೇರಿಂಗ್ ಹಿಡಿದು ಕೂತಿದ್ದಳು. ಕಾರು ಅವಳದೇ. ಮೊದಲು ನನ್ನ ಅಣ್ಣನದಾಗಿತ್ತು, ಅಣ್ಣ ತೀರಿಕೊಂಡ ಮೇಲೆ ಅವಳದಾಯಿತು. ಹದಿನೇಳು ವರ್ಷ ಹಳೆಯದು. ಒಂದು ಬಾಗಿಲು ಒಳಗಿನಿಂದ ತೆಗೆಯುವುದಿಲ್ಲ, ಇನ್ನೊಂದು ಹೊರಗಿನಿಂದ ತೆಗೆಯುವುದಿಲ್ಲ. ಆದರೂ ನಮ್ಮ ಆರು ಜನರ ಅನ್ನ ಅದರ ಮೇಲೆಯೇ ಇತ್ತು.

“ಜೋರಾಗಿ ತಳ್ರೇ!” ಅತ್ತಿಗೆ ಕಿಟಕಿಯಿಂದ ಕೂಗಿದಳು.

“ಒಂದು ಲೋಟ ಚಹಾ ಬಿಟ್ರೆ ಹೊಟ್ಟೇಲಿ ಏನೂ ಇಲ್ಲ. ಜೋರು ಎಲ್ಲಿಂದ ತರ್ಲಿ?” ಅಂದಳು ಗುಂಡಿಯಕ್ಕ.

ಗುಂಡಿಯಕ್ಕ ಅಂದರೆ ಅಂಗಿಗೆ ಗುಂಡಿ ಹಾಕುವವಳು. ನಮ್ಮ ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಯುವ ಭಾಗವೇ ಹೆಸರು. ಅತ್ತಿಗೆ ಜೇಬು, ನಾನು ಕಾಲರ್. ನನಗೆ ಇನ್ನೊಂದು ಹೆಸರೂ ಇದೆ, ಪೊಲೀಸಮ್ಮ. ಯಾರು ಏನು ಹೇಳಿದರೂ ನಾನು ಒಂದೇ ಸಲಕ್ಕೆ ನಂಬುವುದಿಲ್ಲ. ಅಂಗಡಿಯವನು ತಕ್ಕಡಿ ಎತ್ತಿದರೆ ಅವನ ಬೆರಳು ನೋಡುತ್ತೇನೆ. ಡಾಕ್ಟರು ಏನೂ ಇಲ್ಲ ಹೋಗಮ್ಮ ಅಂದರೆ ಏನೋ ಇದೆ ಅಂದುಕೊಳ್ಳುತ್ತೇನೆ. ಕೆಟ್ಟ ಚಾಳಿ ಅನ್ನುತ್ತಾಳೆ ಅತ್ತಿಗೆ. ಇರಲಿ, ನನ್ನ ಚಾಳಿ ನನಗೆ.

ಇಳಿಜಾರು ಸಿಕ್ಕ ಮೇಲೆ ಕಾರು ಕೆಮ್ಮಿ ಎದ್ದಿತು. ಓಡುತ್ತಲೇ ಹತ್ತಿಕೊಂಡೆವು. ಏಳಕ್ಕೆ ಗೇಟು ಮುಚ್ಚುತ್ತದೆ. ಎರಡು ನಿಮಿಷ ಇರುವಾಗ ಒಳಗೆ ಹೋದೆವು.

ಮೊದಲು ಫ್ಯಾಕ್ಟರಿಯ ಬಸ್ಸೇ ಬರುತ್ತಿತ್ತು. ಎರಡು ವರ್ಷದ ಹಿಂದೆ ಖರ್ಚು ಜಾಸ್ತಿ ಅಂತ ನಿಲ್ಲಿಸಿದರು. ಫ್ಯಾಕ್ಟರಿ ಊರಾಚೆ ಹದಿನೆಂಟು ಕಿಲೋಮೀಟರ್, ಆ ಹೊತ್ತಿಗೆ ಬೇರೆ ಬಸ್ಸಿಲ್ಲ. ಕಾರಿದ್ದವರು ಇಲ್ಲದವರನ್ನು ತುಂಬಿಕೊಂಡು ಬರತೊಡಗಿದರು. ಆಮೇಲೆ ಹೊಸ ನಿಯಮ ಬಂತು. ಕಾರು ಗೇಟಿನೊಳಗೆ ಬರಬೇಕಾದರೆ ಮುಂದಿನ ಗಾಜಿಗೆ ಚೀಟಿ ಅಂಟಿಸಿರಬೇಕು, ಗಾಡಿ ಸರಿಯಾಗಿದೆ ಅನ್ನುವ ಚೀಟಿ. ಮೂರು ತಿಂಗಳಿಗೊಮ್ಮೆ ಹೊಸದು. ಹೊರಗೆ ಹೆದ್ದಾರಿಯಲ್ಲಿ ನಿಲ್ಲಿಸಿದರೆ ಎಳೆದುಕೊಂಡು ಹೋಗುತ್ತಾರೆ. ಆ ಚೀಟಿ ಕೊಡುವುದು ಒಂದೇ ಗ್ಯಾರೇಜು. ಆ ಗ್ಯಾರೇಜಿನ ಯಜಮಾನ ನಮ್ಮ ಶಿಫ್ಟ್ ಸಾಹೇಬನ ಹೆಂಡತಿಯ ತಮ್ಮ. ಇದೇನೂ ನಾನು ಪತ್ತೆ ಹಚ್ಚಿದ್ದಲ್ಲ, ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಎಲ್ಲರೂ ಸುಮ್ಮನಿದ್ದರು.

ಚೀಟಿ ಪುಕ್ಕಟೆ. ಆದರೆ ಪ್ರತಿ ಸಲವೂ ಗಾಡಿಯಲ್ಲಿ ಏನಾದರೊಂದು ಕೆಟ್ಟಿರುತ್ತದೆ. ಬಿಲ್ಲು ನಮ್ಮ ಕೈಗೆ ಬರುವುದಿಲ್ಲ, ಸೀದಾ ಫ್ಯಾಕ್ಟರಿಗೆ ಹೋಗುತ್ತದೆ. ಅವರು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಅತ್ತಿಗೆಯ ಮಗಳಿಗೆ ಶಾಲೆಯಲ್ಲಿ ಬೋರ್ಡು ಕಾಣಿಸುವುದಿಲ್ಲ, ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಾಳೆ. ಅವಳ ಕನ್ನಡಕದ ದುಡ್ಡನ್ನು ಒಮ್ಮೆ ಬ್ರೇಕು ನುಂಗಿತು. ಮತ್ತೆ ಕೂಡಿಟ್ಟಾಗ ಕ್ಲಚ್ ಪ್ಲೇಟು ನುಂಗಿತು. ಈಗಿನ ಚೀಟಿ ಶನಿವಾರಕ್ಕೆ ಮುಗಿಯುತ್ತಿತ್ತು.

ಅವತ್ತು ಸಂಜೆ ವಾಪಸ್ ಬರುವಾಗ ರಸ್ತೆ ಬದಿಯ ಪಂಚರ್ ಮಾವನ ಹತ್ತಿರ ನಿಲ್ಲಿಸಿದೆವು. ಮುದುಕ ಬಾನೆಟ್ ಎತ್ತಿ ನೋಡಿದ.

“ಏನೂ ಆಗಿಲ್ಲ ಮಗಳೇ. ಬೆಲ್ಟ್ ಸಡಿಲ ಆಗಿದೆ, ಅದಕ್ಕೇ ಬ್ಯಾಟರಿ ಚಾರ್ಜ್ ಆಗ್ತಿಲ್ಲ.” ಎರಡು ಬೋಲ್ಟು ಬಿಗಿ ಮಾಡಿದ. ಒಂದು ಚಹಾದ ದುಡ್ಡು ತೆಗೆದುಕೊಂಡ. “ಚೀಟಿಗೆ ಅಲ್ಲಿಗೆ ಹೋಗ್ತೀರಲ್ಲ? ಡೈನಮೋ ಹೋಗಿದೆ ಅಂತಾನೆ, ನೋಡ್ತಿರಿ. ಡೈನಮೋ ಕಲ್ಲಿದ್ದ ಹಾಗಿದೆ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ.”

“ಡೈನಮೋ ಅಂದ್ರೆ ಯಾವ್ದು ಮಾವ? ಕೈಯಿಟ್ಟು ತೋರ್ಸು,” ಅಂದೆ.

ತೋರಿಸಿದ. ಚೊಂಬಿನ ಗಾತ್ರದ, ಎಣ್ಣೆ ಹಿಡಿದ ಕಪ್ಪು ಗಡ್ಡೆ. ಹಿಂಬದಿಯಲ್ಲಿ ಬೋಲ್ಟಿಗೆಂದು ಕಿವಿಯಂಥದೊಂದು ತೂತು. ನನ್ನ ತೋಳಿಗೆ ಹಸಿರು ದಾರದ ತುಂಡೊಂದು ಅಂಟಿಕೊಂಡಿತ್ತು. ನಮ್ಮ ಬಟ್ಟೆಗೆ, ಕೂದಲಿಗೆ ಸದಾ ದಾರ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತು ಆ ಕಿವಿಗೆ ಬಿಗಿಯಾಗಿ ಕಟ್ಟಿದೆ.

“ಏನೇ ಇದು, ಕಾರಿಗೆ ದೃಷ್ಟಿ ತೆಗೀತಿದೀಯಾ?” ಗುಂಡಿಯಕ್ಕ ನಕ್ಕಳು.

“ಗುರುತು. ಇರ್ಲಿ.”

ಕೈ ತನ್ನ ಪಾಡಿಗೆ ಮೂರು ಗಂಟು ಹಾಕಿತ್ತು. ಹನ್ನೊಂದು ವರ್ಷದ ಅಭ್ಯಾಸ ನೋಡಿ. ಫ್ಯಾಕ್ಟರಿಯಲ್ಲಿ ಒಂದೊಂದು ಸಾಲಿಗೆ ಒಂದೊಂದು ಬಣ್ಣ, ಒಬ್ಬೊಬ್ಬಳಿಗೆ ಇಷ್ಟಿಷ್ಟು ಗಂಟು. ಹೊಲಿದ ಬಟ್ಟೆಯ ಕಟ್ಟಿಗೆ ನಮ್ಮ ಗಂಟು ಹಾಕಿಯೇ ಮುಂದೆ ತಳ್ಳಬೇಕು. ಹೊಲಿಗೆ ಸೊಟ್ಟಗಿದ್ದರೆ ಗಂಟು ನೋಡಿ ಹಿಡಿಯುತ್ತಾರೆ, ಸಂಬಳ ಕತ್ತರಿಸುತ್ತಾರೆ. ಹಸಿರು ಸಾಲು, ಮೂರು ಗಂಟು ಅಂದರೆ ನಾನು. ಇನ್ನೊಂದು ನಿಯಮವೂ ಇದೆ. ಒಂದು ಗೇಣು ದಾರ ಕೂಡ ಗೇಟಿನಾಚೆ ಹೋಗುವ ಹಾಗಿಲ್ಲ. ಹೋದ ವರ್ಷ ಊಟದ ಡಬ್ಬಿಯಲ್ಲಿ ದಾರದ ಉಂಡೆ ಸಿಕ್ಕಿತು ಅಂತ ಒಬ್ಬಳನ್ನು ನಿಂತ ಕಾಲಲ್ಲಿ ಕೆಲಸದಿಂದ ಕಿತ್ತಿದ್ದರು. ಎಲ್ಲರ ಮೇಲೂ ಅನುಮಾನಪಡುವ ನನಗೆ ಅದು ಮಾತ್ರ ಆಗ ಹೊಳೆಯಲೇ ಇಲ್ಲ.

ಮಾರನೆಯ ಸಂಜೆ ಗ್ಯಾರೇಜಿಗೆ ಹೋದೆವು. ಯಜಮಾನನ ಕೈಗೆ ಒಂದು ಹನಿ ಎಣ್ಣೆ ಅಂಟಿರಲಿಲ್ಲ. ಅತ್ತಿಗೆಗೆ ಸುಳ್ಳು ಬರುವುದಿಲ್ಲ. ಅವನು ಕೇಳುವ ಮೊದಲೇ, “ನಿನ್ನೆ ಬೆಳಿಗ್ಗೆ ಸ್ಟಾರ್ಟ್ ಆಗ್ಲಿಲ್ಲ ಸರ್, ತಳ್ಳಿದ್ವಿ,” ಅಂದುಬಿಟ್ಟಳು. ನನಗೆ ಅವಳ ಬಾಯಿ ಮುಚ್ಚಬೇಕು ಅನ್ನಿಸಿತು.

ಅವನು ಬಾನೆಟ್ ಎತ್ತಿದ. ಬಗ್ಗಿಯೂ ನೋಡಲಿಲ್ಲ.

“ಡೈನಮೋ ಹೋಗಿದೆ. ಹೊಸದು ಹಾಕ್ಬೇಕು.”

ಗುಂಡಿಯಕ್ಕ ನನ್ನ ಸೊಂಟ ತಿವಿದಳು.

“ಈಗ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತಿದೆಯಲ್ಲ ಸರ್,” ಅಂದೆ.

“ದಾರೀಲಿ ಬೆಂಕಿ ಹತ್ತಿಕೊಂಡ್ರೆ ನೀನು ಜವಾಬ್ದಾರಿನಾ?”

“ಹಳೇ ಡೈನಮೋ ನಮಗೆ ಕೊಡಿ ಹಾಗಿದ್ರೆ.”

“ಅದು ಕಂಪನಿಗೆ ವಾಪಸ್ ಹೋಗುತ್ತೆ ತಾಯಿ, ರೂಲ್ಸು. ಬೇಡ ಅಂದ್ರೆ ಗಾಡಿ ತಗೊಂಡು ಹೋಗಿ. ಚೀಟಿ ಮಾತ್ರ ಕೇಳ್ಬೇಡಿ.”

ಅತ್ತಿಗೆ ನನ್ನ ಮುಖ ನೋಡಿದಳು. ಆಮೇಲೆ ಸಂಬಳದಲ್ಲಿ ಮುರಿದುಕೊಳ್ಳಬಹುದು ಅನ್ನುವ ಕಾಗದಕ್ಕೆ ಸಹಿ ಹಾಕಿದಳು. ಮೂರು ತಿಂಗಳು ಸಂಬಳದ ಕಾಲು ಭಾಗ.

ಎರಡು ದಿನ ಹಾಲಿನ ವ್ಯಾನಿನ ಹಿಂದೆ ಕ್ರೇಟುಗಳ ನಡುವೆ ನಿಂತು ಕೆಲಸಕ್ಕೆ ಹೋದೆವು. ಶುಕ್ರವಾರ ಸಂಜೆ ಕಾರು ಸಿಕ್ಕಿತು. ಬಾನೆಟ್ ಕೆಳಗೆ ಡೈನಮೋ ಬೆಳ್ಳಿಯ ಹಾಗೆ ಮಿಂಚುತ್ತಿತ್ತು. ಗಾಜಿಗೆ ಹೊಸ ಚೀಟಿ.

“ನೋಡು, ಹೊಸದೇ ಹಾಕಿದಾನೆ. ಸುಮ್ಮನೆ ಅನುಮಾನಪಟ್ಟೆ,” ಅಂದಳು ಅತ್ತಿಗೆ, ದಾರಿಯಲ್ಲಿ.

“ಪಕ್ಕಕ್ಕೆ ನಿಲ್ಸು.”

“ಈಗ್ಯಾಕೆ?”

“ನಿಲ್ಸು ಅಂದ್ನಲ್ಲ!”

ಬಾನೆಟ್ ಎತ್ತಿ ಹಿಂಬದಿಗೆ ಕೈ ಹಾಕಿದೆ. ಬೆರಳಿಗೆ ಏನೋ ತರಿತರಿಯಾಗಿ ತಾಗಿತು. ಗುಂಡಿಯಕ್ಕ ಮೊಬೈಲಿನ ಬೆಳಕು ಬಿಟ್ಟಳು. ಕಿವಿಯಂಥ ತೂತಿನ ಸುತ್ತ ದಾರ ಹಾಗೇ ಇತ್ತು. ಅದಕ್ಕೂ ಬೆಳ್ಳಿ ಬಣ್ಣ ಮೆತ್ತಿತ್ತು. ಒಂದು ಗಂಟನ್ನು ಉಗುರಿನಿಂದ ಕೆರೆದೆ. ಒಳಗೆ ಹಸಿರು.

ಉಳಿದ ಎರಡನ್ನು ಮುಟ್ಟಲಿಲ್ಲ. ನಾಳೆ ಯಾರಾದರೂ ನೀವೇ ಕಟ್ಟಿದ್ದು ಅಂದರೆ ಬಣ್ಣವೇ ಉತ್ತರ ಹೇಳಲಿ ಅಂತ ಬಿಟ್ಟೆ.

“ನಮ್ಮದೇ ಡೈನಮೋ ತೊಳೆದು, ಬಣ್ಣ ಬಳಿದು, ನಮಗೇ ಮಾರಿದಾನೆ!” ಗುಂಡಿಯಕ್ಕ ಮೊದಲು ನಕ್ಕಳು. ಆಮೇಲೆ ಬೈಗುಳ ಶುರುಮಾಡಿದಳು. ಅವನ ಅಪ್ಪನಿಂದ ಹಿಡಿದು ಹುಟ್ಟದ ಮೊಮ್ಮಕ್ಕಳ ತನಕ ಯಾರನ್ನೂ ಬಿಡಲಿಲ್ಲ.

ಅತ್ತಿಗೆ ರಸ್ತೆ ಅಂಚಿನ ಕಲ್ಲಿನ ಮೇಲೆ ಕೂತಳು. ಅವಳು ಎಣಿಸುತ್ತಿದ್ದದ್ದು ನನಗೆ ಗೊತ್ತಾಯಿತು. ಬ್ರೇಕು. ಕ್ಲಚ್ಚು.

“ಅವೂ ಹಿಂಗೇನಾ?” ಅಂದಳು.

“ಇನ್ನೇನು ಮತ್ತೆ?”

“ಬಿಡೇ. ಚೀಟಿ ಸಿಕ್ತಲ್ಲ. ಸಾಹೇಬ್ರ ಜೊತೆ ಯಾಕೆ ಜಗಳ? ಕೆಲಸ ಹೋದ್ರೆ ಏನು ಮಾಡೋಣ?”

“ನೀನು ಮಾತಾಡ್ಬೇಡ ಅತ್ತಿಗೆ. ನನ್ನ ಹಿಂದೆ ನಿಂತ್ಕೋ, ಸಾಕು.”

ಶನಿವಾರ ಊಟದ ಹೊತ್ತಿಗೆ ಆರೂ ಜನ ಸಾಹೇಬನ ಕೋಣೆಗೆ ಹೋದೆವು. ಒಂದು ನಿಮಿಷ ಬಂದು ನೋಡಿ ಅಂತ ಕರೆದೆವು. ಏನಂದುಕೊಂಡನೋ, ಕಾರು ನಿಲ್ಲಿಸುವ ಅಂಗಳಕ್ಕೆ ಬಂದ. ಬಿಸಿಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಹಳೆಯ ಕಾರುಗಳು, ಎಲ್ಲದರ ಗಾಜಿಗೂ ಅದೇ ಚೀಟಿ. ನೆರಳಲ್ಲಿ ಡಬ್ಬಿ ಬಿಚ್ಚಿ ಕೂತವರು ಕತ್ತೆತ್ತಿ ನೋಡಿದರು. ನಾನು ಬಾನೆಟ್ ಎತ್ತಿ ಎಲ್ಲ ಹೇಳಿದೆ. ಜೋರಾಗಿಯೇ ಹೇಳಿದೆ, ಡಬ್ಬಿಯವರಿಗೂ ಕೇಳಲಿ ಅಂತ.

ಸಾಹೇಬ ಬಗ್ಗಿ ನೋಡಿದ. ಡೈನಮೋ ನೋಡಲಿಲ್ಲ, ದಾರ ನೋಡಿದ. ನೋಡಿ ತಣ್ಣಗೆ ಕೇಳಿದ.

“ಹಸಿರು. ಮೂರು ಗಂಟು. ಇದು ನಿಂದಲ್ವಾ?”

“ನಂದೇ ಸರ್. ಗುರುತಿಗೆ ಅಂತ...”

“ಫ್ಯಾಕ್ಟರಿ ದಾರ ಹೊರಗೆ ಹೇಗೆ ಹೋಯ್ತು?”

ಕಳ್ಳನನ್ನು ಹಿಡಿಯಲು ಹೋಗಿ ನನ್ನ ಕೈಗೆ ನಾನೇ ಕೋಳ ಹಾಕಿಕೊಂಡಿದ್ದೆ.

“ಬಟ್ಟೆಗೆ ಅಂಟಿಕೊಂಡಿದ್ದ ಚೂರು ಸರ್ ಅದು, ಕಸ.”

“ಕಸ ಆದ್ರೂ ಕಂಪನಿ ಕಸ. ಒಳಗೆ ಬಾ.”

ಕೋಣೆಯಲ್ಲಿ ಮೇಜಿನ ಡ್ರಾಯರಿನಿಂದ ಒಂದು ಫಾರಂ ತೆಗೆದ. ಕಳ್ಳತನದ ಫಾರಂ. ಅದರ ಮೇಲೆ ಒಮ್ಮೆ ಹೆಸರು ಬಿದ್ದರೆ ಮುಗಿಯಿತು, ಸಂಜೆ ಗೇಟಿನಲ್ಲಿ ಲೆಕ್ಕ ಚುಕ್ತಾ. ನನ್ನ ಹೆಸರು ಬರೆದ. ಸಾಲಿನ ಬಣ್ಣ ಬರೆದ. ಕದ್ದ ವಸ್ತು: ಹಸಿರು ದಾರ, ಒಂದು ಗೇಣು. ಹನ್ನೊಂದು ವರ್ಷ ನಾನು ಹೊಲಿದ ಕಾಲರುಗಳು ಎಷ್ಟು ಜನರ ಕುತ್ತಿಗೆ ಸುತ್ತಿವೆಯೋ ಏನೋ. ಒಂದು ಗೇಣು ದಾರಕ್ಕೆ ನಾನು ಕಳ್ಳಿ. ಅಳು ಬಂತು, ನುಂಗಿಕೊಂಡೆ. ಅವನೆದುರು ಅತ್ತರೆ ನಾನು ನಾನಲ್ಲ.

ಉಳಿದವರು ಬಾಗಿಲಲ್ಲಿ ನಿಂತಿದ್ದರು. ಅತ್ತಿಗೆ ಮಾತ್ರ ಒಳಗೆ ಬಂದು ಫಾರಮಿನ ಮೇಲೆ ಬಗ್ಗಿ ಓದುತ್ತಿದ್ದಳು.

“ಇದೊಂದು ಬಿಟ್ರಲ್ಲ ಸರ್. ‘ವಸ್ತು ಸಿಕ್ಕ ಜಾಗ’ ಅಂತಿದೆ.”

ಸಾಹೇಬ ಅವಳನ್ನು ನೋಡಿದ. ಅಂಗಳ ಅಂತ ಬರೆದ.

“ಅಂಗಳದಲ್ಲಿ ಎಲ್ಲಿ ಸರ್? ನೆಲದ ಮೇಲಾ?”

“ಕಾರಲ್ಲಿ.” ಬರೆದ.

“ಕಾರಲ್ಲಿ ಎಲ್ಲಿ?”

“ಏನಮ್ಮ ನಿಂದು? ಡೈನಮೋ ಮೇಲೆ. ಆಯ್ತಾ?”

“ಹೊಸ ಡೈನಮೋನಾ, ಹಳೇದಾ?”

ಪೆನ್ನು ನಿಂತಿತು.

“ಹಳೇದು ಅಂತ ಬರೆದ್ರೆ ಹೊಸದಕ್ಕೆ ಅಂತ ನನ್ನ ಸಂಬಳ ಯಾಕೆ ಮುರೀತಿದೀರಿ?” ಅತ್ತಿಗೆ ಫಾರಮಿನ ಆ ಸಾಲಿನ ಮೇಲೆ ಬೆರಳಿಟ್ಟಳು. “ಹೊಸದು ಅಂತ ಬರೆದ್ರೆ ಬಣ್ಣದ ಒಳಗೆ ಇವಳ ದಾರ ಹೇಗೆ ಬಂತು? ಯಾವ್ದಾದ್ರೂ ಒಂದು ಬರೀರಿ ಸರ್.”

“ನಿನ್ನೆ ಅವಳೇ ಕಟ್ಟಿ ಬಣ್ಣ ಬಳಿದಿರಬಹುದು.”

“ಹಾಗಂತಲೇ ಬರೀರಿ. ಯಾರಾದ್ರೂ ಮೆಕ್ಯಾನಿಕ್ ಕರೆದು ಬಿಚ್ಚಿಸಿ ನೋಡೋಣ. ನಿಮ್ಮ ಭಾವಮೈದನ್ನ ಬಿಟ್ಟು.”

ಬಾಗಿಲಲ್ಲಿ ಗುಂಡಿಯಕ್ಕ ಕಿಸಕ್ಕನೆ ನಕ್ಕಳು. ಸಾಹೇಬನ ಕಿವಿ ಕೆಂಪಾದವು. ಫಾರಂ ಅನ್ನು ತನ್ನ ಕಡೆಗೆ ಎಳೆದುಕೊಂಡ.

“ಹೋಗ್ಲಿ ಬಿಡಿ. ಚಿಕ್ಕ ವಿಷಯ. ಇದೊಂದು ಸಲ ಕ್ಷಮಿಸಿದೀನಿ. ಇದನ್ನ ಹರಿದು ಹಾಕ್ತೀನಿ, ನೀವು ಮಷೀನಿಗೆ ಹೋಗಿ. ಡೈನಮೋದ್ದು ನಾನು ಅವನ ಹತ್ರ ಮಾತಾಡ್ತೀನಿ.”

ಕ್ಷಮಿಸಿದ್ದಾನಂತೆ! ನನ್ನ ಪಿತ್ತ ನೆತ್ತಿಗೇರಿತು. ಆದರೆ ಒಳಗೊಳಗೇ ಕಾಲು ಬಾಗಿಲ ಕಡೆ ತಿರುಗಿತ್ತು, ಸುಳ್ಳು ಯಾಕೆ ಹೇಳಲಿ. ಕೆಲಸ ಉಳಿಯಿತಲ್ಲ ಅನ್ನಿಸಿತ್ತು. ಅಷ್ಟರಲ್ಲಿ ಊಟ ಮುಗಿದ ಗಂಟೆ ಹೊಡೆಯಿತು. ಗಂಟೆಯ ಹಿಂದೆಯೇ ಅಂಗಳದಿಂದ ಇನ್ನೊಂದು ಸದ್ದು ಬಂತು, ತಗಡು ಎತ್ತುವ ಸದ್ದು. ಕಿಟಕಿಯಲ್ಲಿ ನೋಡಿದೆ. ಡಬ್ಬಿ ಬಿಟ್ಟು ಎದ್ದವರು ತಮ್ಮ ತಮ್ಮ ಕಾರಿನ ಬಾನೆಟ್ ಎತ್ತುತ್ತಿದ್ದರು. ಒಬ್ಬಳು ಬ್ಲೇಡಿನಿಂದ ಏನನ್ನೋ ಕೆರೆಯುತ್ತಿದ್ದಳು. ಮೂವರು ಅವಳ ಮೇಲೆ ಬಗ್ಗಿದ್ದರು. ಒಬ್ಬರೂ ಮಷೀನಿನ ಕಡೆ ಹೋಗಲಿಲ್ಲ.

ಸಾಹೇಬ ಫಾರಮಿನ ಮೂಲೆ ಹಿಡಿದು ಹರಿಯಲು ನೋಡಿದ. ಅತ್ತಿಗೆ ಅದರ ಮೇಲೆ ಅಂಗೈ ಊರಿದಳು.

“ಹರೀಬೇಡಿ ಸರ್. ನನ್ನ ನಾದಿನಿ ಕಳ್ಳಿ ಅಂತ ಬರೆದಾಗಿದೆ. ಪೂರ್ತಿ ಬರೀರಿ.”

“ಕೆಲಸ ಹೋಗುತ್ತಮ್ಮ ಅವಳದು!”

ಅತ್ತಿಗೆ ನನ್ನ ಕಡೆ ತಿರುಗಿದಳು.

“ಬರೀರಿ ಸರ್,” ಅಂದೆ. “ಬರೆದು ನನಗೊಂದು ಕಾಪಿ ಕೊಡಿ.”

ಆ ಕೋಣೆಯಲ್ಲಿ ಸಾಹೇಬನ ಎದುರು ಒಂದು ಕುರ್ಚಿ ಇದೆ. ಅದರಲ್ಲಿ ನಮ್ಮವರು ಯಾರೂ ಇದುವರೆಗೆ ಕೂತದ್ದಿಲ್ಲ. ಅತ್ತಿಗೆ ಅದನ್ನು ಎಳೆದುಕೊಂಡು ಕೂತಳು.

“ನಿಧಾನವಾಗಿ ಬರೀರಿ ಸರ್,” ಅಂದಳು. “ನಾವು ಕಾಯ್ತೀವಿ.”