ಅಲಿಂಗ್ ಕಾನ್ಸಿಂಗ್ ಹೇಳಿದ ಸುಳ್ಳು

ಎಲ್ಲಿಂದ ಶುರುಮಾಡಲಿ? ಪಾಠದ ಟಿಪ್ಪಣಿಯಿಂದ ಎಂದರೆ ನೀವು ಆಕಳಿಸುತ್ತೀರಿ. ಬಾಗಿಲು ಬಡಿದ ಸದ್ದಿನಿಂದ ಎಂದರೆ, ಅದನ್ನು ನಾನು ಕೇಳಿಯೇ ಇಲ್ಲ. ಟಿಪ್ಪಣಿಯೇ ಇರಲಿ.

೧. ‘ಕೊಲೆಗಾರನೊಬ್ಬ ಬಾಗಿಲಿಗೆ ಬಂದು, ಒಳಗೆ ಅಡಗಿದವನೆಲ್ಲಿ ಎಂದು ಕೇಳುತ್ತಾನೆ. ಸುಳ್ಳು ಹೇಳುವುದು ಪಾಪವೇ?’ ಮನಿಲಾದ ಸೆಮಿನರಿಯಲ್ಲಿ ಇಪ್ಪತ್ತು ವರ್ಷದಿಂದ ವಿದ್ಯಾರ್ಥಿಗಳಿಗೆ ಇದನ್ನು ಕೇಳುತ್ತಿದ್ದೇನೆ. (ನಾನು ಪಾದ್ರಿ. ನನ್ನ ಬಾಗಿಲನ್ನು ಯಾವ ಕೊಲೆಗಾರನೂ ಬಡಿದಿಲ್ಲ.) ಈ ವರ್ಷ ಇದನ್ನೇ ಕಥೆ ಮಾಡೋಣವೆಂದು ಕೂತೆ. ನಮ್ಮ ಅಡುಗೆಮನೆಗೆ ಒಣಮೀನು ತರುವ ಅಲಿಂಗ್ ಕಾನ್ಸಿಂಗ್‌ಗೆ (‘ಅಲಿಂಗ್’ ಎಂದರೆ ‘ಅಮ್ಮ’ ಎಂದ ಹಾಗೆ) ಓದಿ ಹೇಳಿದೆ. ಆಕೆ ಹೊರೆ ಕೆಳಗಿಟ್ಟಳು.

“ಹೋದ ತಿಂಗಳು ನಮ್ಮನೇಲೇ ಆಯ್ತಲ್ಲ ಫಾದರ್ ಇದು.”

(ಇದು ಪಾಪನಿವೇದನೆಯಲ್ಲ, ಅಡುಗೆಮನೆಯ ಮಾತು. ಬರೆಯಲು ಆಕೆಯೇ ಒಪ್ಪಿದ್ದಾಳೆ, ಹೆಸರುಗಳನ್ನು ಬದಲಿಸಿದ್ದೇನೆ.)

೨. ಮನಿಲಾದ ಪಕ್ಕದ ನವೋತಾಸ್‌ನ ಮೀನುಗಾರರ ಕೇರಿ, ಮಟಮಟ ಮಧ್ಯಾಹ್ನ. ಪಕ್ಕದ ಮನೆಯ ಡೊಮೆಂಗ್ ಓಡಿಬಂದ. ಬೀದಿಯಲ್ಲಿ ಒಬ್ಬನಿಗೆ ಗುಂಡಿಟ್ಟದ್ದನ್ನು ಅವನು ಕಣ್ಣಾರೆ ಕಂಡಿದ್ದ. ಗುಂಡಿಟ್ಟವರೂ ಅವನನ್ನು ಕಂಡಿದ್ದರು. ಕಾನ್ಸಿಂಗ್ ಅವನನ್ನು ಮೀನಿನ ಬುಟ್ಟಿಗಳ ರಾಶಿಯ ಹಿಂದೆ ಕೂರಿಸಿದಳು. ಹೆಲ್ಮೆಟ್ ತೆಗೆಯದೆಯೇ ಇಬ್ಬರು ಹೊಸ್ತಿಲಿಗೆ ಬಂದರು.

“ಎಲ್ಲಿ ಅವನು?”

ಇಷ್ಟು ಆಕೆ ಹೇಳಿದ್ದು, ಮುಂದಿನದು ನನ್ನ ಊಹೆ. ಮೊದಲ ಡ್ರಾಫ್ಟಿನಲ್ಲಿ ಆಕೆ ಮೌನವಾಗಿ ನಿಲ್ಲುತ್ತಾಳೆ. ಸುಳ್ಳೂ ಇಲ್ಲ, ದ್ರೋಹವೂ ಇಲ್ಲ.

“ಸುಮ್ನಿದ್ರೆ ಒಳಗೆ ನುಗ್ತಾರೆ! ಯಾವ ಲೋಕದಲ್ಲಿದೀರಿ ಫಾದರ್ ನೀವು?”

ಹರಿದುಹಾಕಿದೆ. ಎರಡನೆಯದರಲ್ಲಿ “ಇಲ್ಲಿ ಯಾರೂ ಇಲ್ಲ” ಎನ್ನುತ್ತಾಳೆ, ಅವರು ಹೋಗುತ್ತಾರೆ. ಕೆಳಗೆ ನನ್ನ ಷರಾ: ಕೊಲ್ಲಲು ಬಂದವನಿಗೆ ಸತ್ಯ ಕೇಳುವ ಹಕ್ಕಿಲ್ಲ, ಆ ಹೊಸ್ತಿಲಿನಲ್ಲಿ ‘ಸುಳ್ಳು’ ಎಂಬ ಪದದ ಅರ್ಥವೇ ಬೇರೆ. “ನಿಮ್ಮ ಮೇಲೆ ಪಾಪವಿಲ್ಲ” ಎಂದೆ, ದೊಡ್ಡ ಮನಸ್ಸಿನಿಂದ.

ಆಕೆ ನಕ್ಕುಬಿಟ್ಟಳು. “ಸುಳ್ಳಿನ ಚಿಂತೆ ಯಾರಿಗಿದೆ? ಅಂಥೋರಿಗೆ ನೂರು ಹೇಳ್ತೀನಿ. ನೀವು ಬರೀ ಬಾಯಿ ಬರ್ದಿದೀರಿ. ಕೈ ಬರೀರಿ.”

“ಕೈಯೇ?”

೩. “ಸೊಸೆ ಪಕ್ಕದಲ್ಲಿದ್ಲು, ಏಳು ತಿಂಗಳ ಬಸುರಿ. ಒಬ್ಬ ಅವಳ ಹೊಟ್ಟೆಗೆ ಪಿಸ್ತೂಲು ಹಿಡ್ದ. ನನ್ನ ಬಾಯಿ ‘ಇಲ್ಲ’ ಅಂತು. ಬೆರಳು ಮಾತ್ರ ಬುಟ್ಟಿ ಕಡೆ ಎದ್ದಿತ್ತು ಫಾದರ್. ಇಷ್ಟೇ ಇಷ್ಟು. ಅಷ್ಟರಲ್ಲಿ ಹೊರಗೆ ಯಾರೋ ಶಿಳ್ಳೆ ಹೊಡೆದ್ರು, ಇವರಿಬ್ರೂ ತಿರುಗಿ ಹೋದ್ರು. ಬೆರಳನ್ನ ಅವರು ನೋಡ್ಲಿಲ್ಲ. ಬುಟ್ಟಿ ಸಂದಿಯಿಂದ ಡೊಮೆಂಗ್‌ಗೆ ಕಾಣೋ ಹಾಗಿತ್ತು. ಕಂಡ್ನೋ ಇಲ್ವೋ.”

ನನ್ನ ಇಪ್ಪತ್ತು ವರ್ಷದ ಪಾಠದಲ್ಲಿ ಬೆರಳಿನ ಬಗ್ಗೆ ಒಂದು ಸಾಲೂ ಇಲ್ಲ.

೪. ಅಂತ್ಯ ಅ: ಡೊಮೆಂಗ್ ನೋಡಿರಲಿಲ್ಲ.
ಅಂತ್ಯ ಆ: ನೋಡಿದ್ದ, ಕ್ಷಮಿಸಿದ. (ಇದನ್ನು ಬರೆಯುವಾಗ ನನ್ನ ಕಣ್ಣೇ ತೇವವಾಯಿತು. ನಂಬಬೇಡಿ.)

“ಎರಡೂ ಹೊಡೆದುಹಾಕಿ. ದಿನಾ ‘ಊಟ ಆಯ್ತಾ ಚಿಕ್ಕಮ್ಮ’ ಅಂತಾನೆ. ಮುಂಚೇನೂ ಹಾಗೇ ಅಂತಿದ್ದ. ಈಗ ಹೆಲ್ಮೆಟ್‌ನೋರಿಗಿಂತ ಆ ದನಿಗೇ ಹೆಚ್ಚು ಹೆದರ್ತೀನಿ.”

“ಕೇಳಿಬಿಡಿ ಅವನನ್ನ.”

“ನೀವೇ ಬಂದು ಕೇಳಿ. ನಾನು ಗೋಡೆ ಆಚೆ ನಿಂತಿರ್ತೀನಿ.”

೫. ಇದನ್ನು ಅಂತ್ಯ ಎನ್ನಲಾರೆ, ನಡೆದದ್ದು ಇಷ್ಟು. ನಾನು ಹೋದೆ. ಡೊಮೆಂಗ್ ಅಂಗಳದಲ್ಲಿ ಸ್ಟೂಲು ಹಾಕಿದ. “ಏನು ಬಂದ್ರಿ ಫಾದರ್?”

ಗೋಡೆಯಾಚೆ ಒಂದು ಕೆಮ್ಮು ಅರ್ಧಕ್ಕೇ ನಿಂತಿತು.

“ಮಳೆ ಬರೋ ಹಾಗಿದೆ” ಎಂದೆ.

ಡೊಮೆಂಗ್ ತಲೆಯೆತ್ತಿ ನೋಡಿದ. ಒಂದು ಮೋಡವೂ ಇರಲಿಲ್ಲ. ಅವನು ಗೋಡೆಯ ಕಡೆ ತಿರುಗಿ, ಆಚೆಗೂ ಕೇಳಿಸುವಷ್ಟು ಜೋರಾಗಿ ಹೇಳಿದ: “ಹೌದು ಫಾದರ್, ಮಳೆ ಬರೋ ಹಾಗಿದೆ.”