ಖರೆ ಗುಳಿಗೆಯೋ ಖಾಲಿ ಗುಳಿಗೆಯೋ

ಮೆಣಸಿನಕಾಯಿ ವ್ಯಾಪಾರಿ ಶಿವಪುತ್ರಪ್ಪನ ನಾಲಿಗೆ ಬಿಬವೇವಾಡಿ ಪೇಟೆಗೆಲ್ಲ ಹೆಸರುವಾಸಿ. ಚಿಟಿಕೆ ಪುಡಿ ನೆಕ್ಕಿ, ಬ್ಯಾಡಗಿಗೆ ಯಾವ ಕಳ್ಳ ಎಷ್ಟು ಗುಂಟೂರು ಬೆರೆಸಿದ್ದಾನೆಂದು ಹೇಳಿಬಿಡುವ ಆಸಾಮಿ. ಅಂಥವನಿಗೆ ಶ್ವಾಸಕೋಶದ ಕ್ಯಾನ್ಸರ್ ಎಲುಬಿಗೂ ಹಬ್ಬಿ, ಆಸ್ಪತ್ರೆಯವರು ಹೊಸ ಔಷಧದ ಪ್ರಯೋಗಕ್ಕೆ ಸೇರಿಸಿಕೊಂಡಿದ್ದರು. ಇಂಜೆಕ್ಷನ್ ಎಲ್ಲರಿಗೂ ಒಂದೇ. ಅದರ ಜೊತೆ ಕೆಲವರಿಗೆ ಹೊಸ ಔಷಧದ ಕ್ಯಾಪ್ಸೂಲು, ಉಳಿದವರಿಗೆ ಹಾಗೇ ಕಾಣುವ, ಔಷಧವಿಲ್ಲದ ಕ್ಯಾಪ್ಸೂಲು. ಯಾರಿಗೆ ಯಾವುದೆಂದು ಪ್ರಯೋಗ ನೋಡಿಕೊಳ್ಳುವ ಡಾಕ್ಟರ್ ಮಂಜರಿಗೂ ತಿಳಿಯದು.

"ಮಾಲು ಯಾವುದಂತ ಕೊಡಾವ್ರಿಗೂ ಗೊತ್ತಿಲ್ಲಂದ್ರ ಇದೆಂಥಾ ಧಂದೆ?" ಎಂದು ಹೆಂಡತಿ ಗೌರಾಬಾಯಿಯ ತಲೆ ತಿನ್ನುತ್ತಿದ್ದ. ತನ್ನದು ಖಾಲಿಯಾಗಿದ್ದರೆ ಪ್ರಯೋಗ ಬಿಟ್ಟು ಬೇರೆ ಚಿಕಿತ್ಸೆಗೆ ಮುಂಬೈಗೆ ಹೋಗುವುದೇ ಸೈ ಎಂದು ಪಟ್ಟು ಹಿಡಿದಿದ್ದ. ಉಳಿದಿರುವ ದಿನಗಳು ಸುಳ್ಳು ಗುಳಿಗೆಯ ಪಾಲಾದಾವೆಂಬ ಭಯ ಅವನಿಗೆ.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಕ್ಯಾಪ್ಸೂಲು ಬಿಚ್ಚಿ ತಟ್ಟೆಗೆ ಸುರಿದು, ಅಂಗಡಿಯಲ್ಲಿ ಮಾಡುತ್ತಿದ್ದಂತೆ ಬೆರಳಿಗೆ ಹಚ್ಚಿಕೊಂಡು ನೆಕ್ಕಿದ. ಕಹಿಯಿಲ್ಲ, ಒಗರಿಲ್ಲ, ಏನೂ ಇಲ್ಲ.

"ಬರೇ ಹಿಟ್ಟು. ಚೀಲಾ ತುಂಬು, ಗೌರಾ."

ಗೌರಾಬಾಯಿ ಅರಿವೆ ಮಡಚಿ ಚೀಲಕ್ಕೆ ಹಾಕುತ್ತ ಹಾಕುತ್ತ ನಿಂತಳು. ನಿನ್ನೆ ಕೈತಪ್ಪಿ ಎರಡು ಸಲ ಉಪ್ಪು ಬಿದ್ದ ಸಾರನ್ನು ಈ ಸಿಡುಕ ತುಟಿಪಿಟಕ್ಕೆನ್ನದೆ ಉಂಡಿದ್ದ. ಅವಳು ಒಳಗೆ ಹೋಗಿ ಬಂದು ಅವನ ಅಂಗೈಗೆ ಚಿಟಿಕೆ ಬಿಳಿ ಪುಡಿ ಹಾಕಿದಳು.

"ಇದನ್ನ ನೋಡ್ರಿ."

"ಇದೂ ಹಿಟ್ಟ," ಎಂದ ನೆಕ್ಕಿ.

"ಉಪ್ಪದು," ಎಂದಳು ಗೌರಾಬಾಯಿ.

ಶಿವಪುತ್ರಪ್ಪ ಮತ್ತೊಮ್ಮೆ ನೆಕ್ಕಿ ನೋಡಿದ; ಉಪ್ಪಿನ ರುಚಿಯೂ ಹತ್ತಲಿಲ್ಲ. ಊಟ ಸಪ್ಪಗಿರುವುದು ಪಥ್ಯಕ್ಕಾಗಿ ಎಂದುಕೊಂಡು, ಹೆಂಡತಿ ನೊಂದುಕೊಂಡಾಳೆಂದು ಬಾಯಿ ಮುಚ್ಚಿಕೊಂಡು ಉಣ್ಣುತ್ತಿದ್ದ ಮಹಾನುಭಾವ. ಪ್ರಯೋಗದಿಂದ ಹೊರಗೆ ಹಾಕುತ್ತಾರೇನೋ ಎಂಬ ಅಳುಕಿನಲ್ಲೇ ಮಂಜರಿಗೆ ಫೋನು ಮಾಡಿ ಎಲ್ಲ ಹೇಳಿದ.

"ಕಾಕಾ, ಹಂಗ ಬಿಚ್ಚಬಾರದ್ರಿ," ಎಂದಳು ಧಾರವಾಡದ ಹುಡುಗಿ ಮಂಜರಿ. "ಇದನ್ನ ನಾ ಬರಕೋಬೇಕಾಗ್ತದ. ಆದ್ರ ಒಂದು ಗುಳಿಗಿ ಸಲುವಾಗಿ ನಿಮ್ಮನ್ನ ಕೈಬಿಡಂಗಿಲ್ಲ. ರುಚಿ ಹೋಗಿದ್ದು ಮೊದಲ ಯಾಕ ಹೇಳ್ಲಿಲ್ಲ?"

"ನನಗ ಗೊತ್ತಾದ್ದ ಈಗ. ರುಚಿ ಕಸ್ಕೊಂಡದ್ದು ಯಾವುದ್ರಿ, ಇಂಜೆಕ್ಷನ್ನೋ ಗುಳಿಗ್ಯೋ?"

"ನನಗೂ ಗೊತ್ತಿಲ್ರಿ. ಅದು ನಿಮ್ಮಂಥವ್ರಿಂದನ ನಮಗ ತಿಳೀಬೇಕು."

ಫೋನಿಟ್ಟು ಹೆಂಡತಿಯತ್ತ ತಿರುಗಿದ.

"ಚೀಲಾ ಖಾಲಿ ಮಾಡು," ಎಂದ.

"ಏನಾತ್ರಿ?"

"ನನಗಂತೂ ತಿಳೀಲಿಲ್ಲ. ಅವರಿಗರ ತಿಳೀಲಿ."