ತೊಟ್ಟಿಲ ಫೈಲು

ರೂಪಾಲಿ ಮತ್ತೊಮ್ಮೆ ಆ ಫೈಲಿನ ಮೇಲೆ ಒತ್ತಿದಳು. ಪ್ರೋಗ್ರಾಮು ತೆರೆದುಕೊಂಡಿತು, ಸಣ್ಣ ಚಕ್ರ ತಿರುಗಿತು, ತಿರುಗಿ ನಿಂತಿತು. ಆಮೇಲೆ ಬೆಳಗಿನಿಂದ ಕಾಣುತ್ತಿದ್ದ ಅದೇ ಬೂದು ಚೌಕ: ಫೈಲು ಕೆಟ್ಟಿದೆ, ತೆರೆಯಲಾಗದು. ಕೆಳಗೆ ಒಂದೇ ಗುಂಡಿ. ಅದನ್ನು ಒತ್ತಿ, ಎದ್ದು ಹೊಸ್ತಿಲತನಕ ಹೋಗಿ, ಮತ್ತೆ ಬಂದು ಕುಳಿತಳು.

ರಾಯಬಾಗದಲ್ಲಿ ಚಿಂಚಲಿ ರಸ್ತೆಗೆ ಬಾಗಿಲಿದ್ದ ಆ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಲ್ಲೊಂದು ಕಂಪ್ಯೂಟರು, ಅದರಲ್ಲಿ ಬರೆದ ಚಿತ್ರವನ್ನು ಬಟ್ಟೆಯ ಮೇಲೆ ಹೊಲಿಯುವ ಎಂಬ್ರಾಯ್ಡರಿ ಮಷೀನು. ಊರಿನವರ ಬ್ಲೌಸಿಗೆ ನವಿಲು, ಬಳ್ಳಿ ಹಾಕಿ ಕೊಡುವುದು ಅವಳ ನಿತ್ಯದ ಕೆಲಸ. ಈ ಫೈಲು ಮಾತ್ರ ಮನೆಯದು.

ನಾದಿನಿ ಮಯೂರಿಗೆ ಏಳು ತಿಂಗಳು. ನಾಡಿದ್ದು ಅಥಣಿಯಲ್ಲಿ, ಗಂಡನ ಮನೆಯಲ್ಲಿ ಅವಳ ಕುಬಸ, ಅಂದರೆ ಸೀಮಂತ. ತವರಿನವರು ಹಸಿರು ಸೀರೆ, ಕುಬಸವೆಂದೇ ಕರೆಯುವ ಹಸಿರು ರವಿಕೆ ಒಯ್ಯಬೇಕು. ಆ ಕುಬಸದ ತೋಳಿಗೆ ಜೋಡಿ ಗಿಳಿ, ತುಳಸಿಕಟ್ಟೆ, ನಡುವೆ ತೊಟ್ಟಿಲು ಇರಬೇಕೆಂಬುದು ಅತ್ತೆ ರುಕ್ಮವ್ವನ ಹಟ. ರುಕ್ಮವ್ವನ ಕುಬಸಕ್ಕೆ ಅವಳ ತಾಯಿ ಹಾಕಿದ ಕಸೂತಿ ಅದು. ಆ ಕುಬಸ ಹರಿದುಹೋಗಿ ಎಷ್ಟೋ ವರ್ಷವಾಯಿತು. ಒಬ್ಬಳೇ ಮಗಳ ಸರದಿ ಬರುವಷ್ಟರಲ್ಲಿ ರುಕ್ಮವ್ವನ ಕಣ್ಣೂ ಹೋದವು. ಈಗ ಅವಳಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತದೆ.

ಆದರೂ ಬೆರಳಿಗೆ ನೆನಪಿತ್ತು. ಒಂದು ತಿಂಗಳು, ದಿನಾ ಊಟವಾದ ಮೇಲೆ, ಗಾಳಿಯಲ್ಲಿ ಬೆರಳಾಡಿಸುತ್ತ ಅವಳು ಹೇಳಿದಳು, ರೂಪಾಲಿ ಚುಕ್ಕೆ ಚುಕ್ಕೆಯಾಗಿ ಕಂಪ್ಯೂಟರಿನಲ್ಲಿ ಕೂಡಿಸಿದಳು.

"ಮೂರ ಎಳಿ ಮ್ಯಾಲ ಹೋಗು. ಈಗ ಒಂದ ಬಲಕ್ಕ. ತೊಟ್ಟಿಲಿಗೆ ಮೂರ ಹಗ್ಗ ಸಾಕು. ನಾಕನೇ ಹಗ್ಗಾ, ಕೂಸು ಹುಟ್ಟಿದ ಮ್ಯಾಲ ಹಡದಾಕಿನ ಹಾಕಬೇಕು."

ನಿನ್ನೆ ಖಂಡೆ ಪೂಜೆ. ಮನೆಯ ಸಲಕರಣೆಗಳನ್ನೆಲ್ಲ ಪೂಜಿಸಿ ಆ ದಿನ ಸುಮ್ಮನಿರಲು ಬಿಡುವ ಹಬ್ಬ. ಕುಡುಗೋಲು, ಕತ್ತರಿ, ಗಂಡ ಶಿವರಾಜನ ಟ್ರ್ಯಾಕ್ಟರು ಯಾವುದನ್ನೂ ದುಡಿಸುವಂತಿಲ್ಲ. ರೂಪಾಲಿಗೆ ಅದು ಗೊತ್ತಿತ್ತು. ಆದರೆ ಎರಡನೆಯ ಗಿಳಿಯ ಬಾಲ ಉಳಿದಿತ್ತು. ಬೆಳಿಗ್ಗೆ ಕದ ಮುಂದೆ ಮಾಡಿಕೊಂಡು ಬಾಲ ಮುಗಿಸಿದಳು, ಉಳಿಸುವ ಗುಂಡಿ ಒತ್ತಿದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು, ಒಳಗೆ ಓಡಿದಳು. ಅದೇ ಹೊತ್ತಿಗೆ ಮಷೀನಿಗೆ ಅರಿಸಿನ ಕುಂಕುಮ ಹಚ್ಚಲು ಬಂದ ರುಕ್ಮವ್ವ ಕಂಪ್ಯೂಟರಿನ ಗುಂಯ್ ಸದ್ದು ಕೇಳಿ, "ಇವತ್ತರ ಒಂದ್ ದಿನಾ ಇದಕ್ಕ ವಿಶ್ರಾಂತಿ ಬ್ಯಾಡೇನು" ಎನ್ನುತ್ತ ಗೋಡೆ ತಡವಿ ಅಂಗಡಿಯ ಮೇನ್ ಸ್ವಿಚ್ಚು ಇಳಿಸಿಬಿಟ್ಟಳು. ರೂಪಾಲಿ ಬಂದು ನೋಡಿದಾಗ ಕಪ್ಪು ಪರದೆಯ ಮೇಲೆ ಚೆಂಡುಹೂವು ತೂಗುತ್ತಿತ್ತು. ಪೂಜೆ ಇಳಿಸುವತನಕ ಮುಟ್ಟುವ ಹಾಗಿಲ್ಲ. ಒಂದು ಹಗಲು, ಒಂದು ರಾತ್ರಿ ಅವಳು ಆ ಹೂವನ್ನೇ ನೋಡುತ್ತ ತಿರುಗಾಡಿದ್ದಳು.

ಫೋನು ಗುಣುಗಿತು. ಚಿಕ್ಕೋಡಿಯ ನಿಖಿಲ, ಈ ಕಂಪ್ಯೂಟರು ಕೂಡಿಸಿಕೊಟ್ಟವನು; ಇವತ್ತು ಪೂಜೆ ಇಳಿಸಿ ನೋಡಿದಾಗ ಫೈಲು ತೆರೆಯಲಿಲ್ಲವೆಂದು ಅವನಿಗೆ ತಿಳಿಸಿದ್ದಳು. ತಾನಿದ್ದಲ್ಲಿಂದಲೇ ಅವಳ ಪರದೆಯನ್ನು ತನ್ನ ಕೈಗೆ ತೆಗೆದುಕೊಂಡಿದ್ದ. ಬಾಣ ತಾನೇ ತಾನಾಗಿ ಅತ್ತಿತ್ತ ಹರಿದಾಡುವುದನ್ನು ಅವಳು ನೋಡುತ್ತ ಕುಳಿತಳು.

"ವೈನಿ, ಫೈಲ ಐತ್ರಿ. ಒಳಗ ಏನೂ ಇಲ್ಲ. ಬರೀ ಸೊನ್ನಿ ತುಂಬ್ಯಾವ. ಉಳಸೂ ಮುಂದ ಕರೆಂಟ ಹೋಗಿತ್ತೇನ್ರಿ?"

ರೂಪಾಲಿ ಪಡಸಾಲೆಯತ್ತ ನೋಡಿದಳು. ಅಲ್ಲಿ ರುಕ್ಮವ್ವ ಕಾಲು ಚಾಚಿ, ಹುಟ್ಟಲಿರುವ ಕೂಸಿಗೆ ಹೊದಿಸಲು ಹಳೆ ಬಟ್ಟೆಯ ತುಂಡುಗಳನ್ನು ಪದರ ಮಾಡಿ ಕೌದಿ ಹೊಲಿಯುತ್ತಿದ್ದಳು.

"ಹೂಂ... ಹೋಗಿತ್ತಪಾ."

"ಹಬ್ಬದ ದಿನಾನೂ ತಗದಾರ ನೋಡ್ರಿ, ಅವರಿಗೇನು ದೇವರು ದಿಂಡರು ಇಲ್ಲೇನು! ಯುಪಿಎಸ್ ಬ್ಯಾಟರಿ ಹೋಗೇತಿ, ಬದಲಿ ಮಾಡ್ರಿ ಅಂತ ಗಣಪತಿ ಹಬ್ಬದಾಗ ಹೇಳಿದ್ನಿ. ಇನ್ನೊಂದು ಕಾಪಿ ಎಲ್ಲೆರ ಇಟ್ಟೀರೇನು?"

ಇಟ್ಟಿರಲಿಲ್ಲ. ಮಷೀನಿಗೆ ಹಾಕುವ ಪೆನ್‌ಡ್ರೈವಿನಲ್ಲೂ ಹಳೆಯದನ್ನು ಅಳಿಸಿಯೇ ಹೊಸದನ್ನು ತುಂಬುವುದು ಅವಳ ರೂಢಿ. ನಿಖಿಲ ಒಂದು ತಾಸು ಹೆಣಗಿದ. ಕೊನೆಗೆ ಬಾಣ ಪರದೆಯ ನಡುವೆ ನಿಂತುಬಿಟ್ಟಿತು.

"ಆಗೂದಿಲ್ರಿ ವೈನಿ. ಹೊಸದಾಗಿ ಮಾಡ್ರಿ."

"ರೂಪಾಲೀ," ಒಳಗಿನಿಂದ ರುಕ್ಮವ್ವ ಕೂಗಿದಳು. "ಮಷೀನ ಸಪ್ಪಳ ಬರವಲ್ದಲ್ಲ ಬೇ. ಯಾವಾಗ ಚಾಲೂ ಮಾಡತಿ?"

"ಮಾಡತೀನ್ರಿ ಅತ್ತಿ."

ತಿಂಗಳ ಕೆಲಸ ಎರಡು ದಿನದಲ್ಲಿ ಹೇಗೆ? ಅಂಗಡಿಯಲ್ಲಿ ಸಿಗುವ ಯಾವುದೋ ಬಳ್ಳಿ ಹಾಕಿ ಕೊಟ್ಟರೆ ಅತ್ತೆಗೆ ಕಾಣುವುದಿಲ್ಲ. ಆ ಯೋಚನೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಕಾಣದಿದ್ದರೇನು, ಕೈ ಆಡಿಸಿದರೆ ಸಾಕಲ್ಲ, ಗೊತ್ತಾಗಿಬಿಡುತ್ತದೆ.

ಬಿಸಿಲು ಇಳಿಯುವ ಹೊತ್ತಿಗೆ ಎದುರುಮನೆಯ ಚಂದ್ರಮತಿ ಕಾಕು ದಸರೆಯ ಬನ್ನಿ ಎಲೆ ಹಿಡಿದು ಬಂದಳು.

"ಬನ್ನಿ ತಗೋ, ಬಂಗಾರದಂಗ ಇರೂಣು. ಯಾಕ ಬೇ, ಬಂಗಾರ ಕೊಟ್ರೂ ಮಾರಿ ಹುಳ್ಳಗ ಐತಲ್ಲ?"

ರೂಪಾಲಿ ಎಲೆ ಕೊಟ್ಟು, ಎಲೆ ಇಸಿದುಕೊಂಡು ಕಾಲು ಮುಟ್ಟಿದಳು. ಕಾಕು ಪಡಸಾಲೆಗೆ ಹೋಗಿ ಕೌದಿಯ ಅಂಚು ಎತ್ತಿ ನೋಡಿದಳು.

"ಏನ ರುಕ್ಮವ್ವಾ, ಇಷ್ಟ ದಪ್ಪ! ಕೂಸಿಗೆ ಹೊಚ್ಚತಿಯೋ ಎತ್ತಿಗೆ ಹೊಚ್ಚತಿಯೋ?"

"ನಮ್ಮ ಕೂಸು ಎತ್ತಿನಂಗ ಆಗತೈತಿ, ನೀ ದೃಷ್ಟಿ ಹಚ್ಚಬ್ಯಾಡ. ಸೊಸಿ ಮಷೀನಿನ ಚಿಂದಿ ಬುಟ್ಟಿ ತುಂಬಿತ್ತು, ಎಲ್ಲಾ ಇದರೊಳಗ ತುರಕೇನಿ."

ರೂಪಾಲಿಯ ಕೈಯಲ್ಲಿದ್ದ ಬನ್ನಿ ಎಲೆ ಉದುರಿತು. ಚಿಂದಿ ಬುಟ್ಟಿ! ಹೋದ ವಾರ ಹಳೆ ಧೋತರದ ತುಂಡಿನ ಮೇಲೆ ತೊಟ್ಟಿಲ ಸ್ಯಾಂಪಲ್ ಹೊಲಿದು ನೋಡಿದ್ದಳು. ಅಳತೆ ಸರಿ ಬಂತೆಂದು ಅದನ್ನು ಬುಟ್ಟಿಗೆ ಎಸೆದಿದ್ದಳು.

ಕಾಕು ಅತ್ತ ಹೋದದ್ದೇ ರೂಪಾಲಿ ಬುಟ್ಟಿಯನ್ನು ಬೋರಲು ಹಾಕಿದಳು. ನಾಲ್ಕು ದಾರದ ತುಂಡು ಬಿಟ್ಟರೆ ಏನೂ ಇರಲಿಲ್ಲ.

"ಅತ್ತಿ, ಒಂದು ಧೋತರದ ತುಂಡು... ಅದರ ಮ್ಯಾಲ ತೊಟ್ಟಿಲ ಇತ್ರಿ."

ರುಕ್ಮವ್ವ ಸೂಜಿ ನಿಲ್ಲಿಸಿದಳು. "ಕಂಪ್ಯೂಟರದಾಗಿಂದು ಹೋತೇನು?"

"ಹೂಂರಿ," ಎಂದು ರೂಪಾಲಿ ಅತ್ತೆಯ ಮುಂದೆ ಬಂದು ಕುಳಿತಳು.

"ಕರೆಂಟ ಹೋಗಿತ್ತಂತ ಆ ಹುಡುಗ್ಗ ಹೇಳಿದಿ. ಹೋಗಿರಲಿಲ್ಲ. ಒಳಗ ಫ್ಯಾನ ತಿರಗಾಕತ್ತಿತ್ತು. ಮೇನ್ ಇಳಿಸಿದಾಕಿ ನಾನ."

"ಖಂಡೆ ಪೂಜಿ ದಿನಾ ನಾನೂ ಅದನ್ನ ಹಚ್ಚಬಾರದಿತ್ರಿ."

"ಹಚ್ಚಬಾರದಿತ್ತು," ಎಂದಳು ರುಕ್ಮವ್ವ, ಸ್ವಲ್ಪವೂ ಬಿಟ್ಟುಕೊಡದೆ. "ನೀ ಹಚ್ಚಿದಿ, ನಾ ಇಳಿಸಿದ್ನಿ. ಈಗ ಕತ್ತರಿ ತಾ."

"ಅತ್ತಿ, ಮೂರ ವಾರದ ಹೊಲಿಗಿ..."

"ನಿಂದು ಒಂದು ತಿಂಗಳದ್ದು ಹೋಗೇತಿ. ತಾ ಅಂದ್ನಿ."

ರುಕ್ಮವ್ವ ಕೌದಿಯನ್ನು ತೊಡೆಯ ಮೇಲೆ ಹರಡಿ ಅಂಗೈಯಿಂದ ಒತ್ತುತ್ತ ಹೋದಳು. ಒಂದು ಕಡೆ ಸೊಸೆಯಿಂದ ಬಿಚ್ಚಿಸಿದರೆ ಹಳೆ ಲಂಗದ ಜರಿ ಅಂಚು ಬಂತು. ಇನ್ನೊಂದು ಕಡೆ ಯಾರದೋ ಬ್ಲೌಸಿನ ನವಿಲು. ಬಿಚ್ಚಿದ ದಾರ ರೂಪಾಲಿಯ ಕಾಲ ಹತ್ತಿರ ಗುಡ್ಡೆಯಾಯಿತು. ಮೂರನೆಯ ಮೂಲೆಗೆ ಬಂದಾಗ ರುಕ್ಮವ್ವನ ಬೆರಳು ತಟ್ಟನೆ ನಿಂತಿತು.

"ಇಲ್ಲೈತಿ."

ಮುದುರಿದ ಧೋತರದ ತುಂಡು. ಒಂದೇ ಗಿಳಿ, ತುಳಸಿಕಟ್ಟೆ ಅರ್ಧ. ತೊಟ್ಟಿಲು ಮಾತ್ರ ಪೂರಾ. ರುಕ್ಮವ್ವ ಉಗುರಿನಿಂದ ಎಣಿಸಿದಳು.

"ನಾಕ ಹಗ್ಗ ಹಾಕಿದಿ."

"ಅವಾಗ ನೀವಿನ್ನೂ ಹೇಳಿರಲಿಲ್ರಿ."

"ಇರಲಿ. ಒಂದ ತಗೀಲಾಕ ಎಷ್ಟೊತ್ತು. ಉಳಿದಿದ್ದ ನಾ ಹೇಳತೀನಿ, ನೀ ಬರಿ."

ರೂಪಾಲಿ ತುಂಡನ್ನು ಇಸ್ತ್ರಿ ಮಾಡಿ ಮೊಬೈಲಿನಲ್ಲಿ ಫೋಟೊ ತೆಗೆದಳು. ಅದನ್ನು ಹೊಸ ಫೈಲಿನ ಅಡಿಗೆ ಹಾಸಿಕೊಂಡು ಅದರ ಮೇಲೆ ಚುಕ್ಕೆ ಇಡತೊಡಗಿದಳು. ಅಡಿಯಲ್ಲಿ ದಾರಿಯಿತ್ತು, ಆದ್ದರಿಂದ ಕೈ ಓಡಿತು. ರುಕ್ಮವ್ವ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಮೇನ್ ಸ್ವಿಚ್ಚಿನ ಕೆಳಗೇ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಬನ್ನಿ ಹಂಚಿ ಬಂದ ಶಿವರಾಜ ದೀಪ ಹಚ್ಚಲೆಂದು ಅತ್ತ ಕೈ ಚಾಚಿದ್ದೇ ತಡ, ಅವಳ ಕೋಲು ಅವನ ಮುಂಗೈಗೆ ಬಿತ್ತು.

"ಮುಟ್ಟೀಗಿಟ್ಟಿ!"

"ಲೈಟ್ ಹಚ್ಚಾಕ ಬೇ ಯವ್ವಾ!"

"ಲೈಟ್ ನನಗ್ಯಾಕ ಬೇಕು? ಆಕೀಗೆ ಬೇಕಾದ್ರ ಆಕೀನ ಹಚ್ಚತಾಳ."

ರೂಪಾಲಿಗೆ ಆ ದಿನ ಮೊದಲ ಸಲ ನಗು ಬಂತು. ನಡುನಡುವೆ ಕುರ್ಚಿಯಿಂದ ದನಿ ಬರುತ್ತಿತ್ತು. "ಉಳಸಿದಿ?" "ಉಳಸೀನ್ರಿ." "ಇನ್ನೊಮ್ಮಿ ಉಳಸು." ಮಲಗುವ ಮುನ್ನ ಅವಳು ಎರಡು ಪೆನ್‌ಡ್ರೈವಿಗೆ ಹಾಕಿ, ನಿಖಿಲನಿಗೂ ಒಂದು ಕಾಪಿ ಕಳಿಸಿದಳು.

ಮರುದಿನ ಮಧ್ಯಾಹ್ನ ಮಷೀನು ಎರಡನೆಯ ತೋಳನ್ನೂ ಹೊಲಿದು ನಿಂತಿತು. ಹಸಿರು ಬಟ್ಟೆಯನ್ನು ಅತ್ತೆಯ ತೊಡೆಯ ಮೇಲಿಟ್ಟಳು. ಬೆರಳು ಗಿಳಿಯ ಬಾಲದ ಮೇಲೆ ಹೋಯಿತು, ತುಳಸಿಕಟ್ಟೆ ಏರಿತು, ತೊಟ್ಟಿಲಿಗೆ ಇಳಿಯಿತು. ಒಂದು, ಎರಡು, ಮೂರು. ಮೂರರ ಆಚೆ ಬರಿ ಬಟ್ಟೆ. ಅಲ್ಲಿ ಬೆರಳು ಬಹಳ ಹೊತ್ತು ನಿಂತಿತು.

"ಸೂಜಿ ಪೋಣಸಿ ಕೊಡು," ಎಂದಳು ಆಮೇಲೆ. ಬಿಚ್ಚಿದ ಕೌದಿಯನ್ನು ಎಳೆದುಕೊಂಡು, ಆ ಧೋತರದ ತುಂಡನ್ನು ಮಡಚದೆ, ಮೂಲೆಯ ಪದರಗಳ ನಡುವೆ ಸಪಾಟಾಗಿ ಹಾಸಿದಳು.

"ಇದೊಂದು ಕಾಪಿ ಇಲ್ಲೇ ಇಡತೀನಿ. ಯಾವ ಮೂಲಿ ಅಂತ ನೀನೂ ಮುಟ್ಟಿ ನೋಡಿ ಇಟ್ಕೋ."

ರೂಪಾಲಿ ಪಕ್ಕದಲ್ಲಿ ಕುಳಿತು, ಕಣ್ಣು ಮುಚ್ಚಿ, ಕೌದಿಯ ಮೇಲೆ ಕೈ ಇಟ್ಟಳು.